ಲೈನ್ ಕಟ್ ಮಾಡಬಾರದು

ನನ್ನ ಫೋನನ್ನು ನಾನೀಗ ಸೈಲೆಂಟಿನಲ್ಲಿ ಇಡುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಅದು ಮೇಜಿನ ಮೇಲೆ, ಮುಖ ಮೇಲಾಗಿ, ಪೂರ್ತಿ ದನಿಯಲ್ಲಿ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಪ್ರಿನ್ಸಿಪಾಲರು ಒಮ್ಮೆ ಕೇಳಿದರು. ಇಲ್ಲ ಎಂದೆ. ಯಾರಿಗೆ ಏನಾಗಿದೆ ಎಂಬುದು ಫೋನ್ ಎತ್ತಿದ ಮೇಲೆಯೇ ನನಗೂ ತಿಳಿಯುವುದು. ಎತ್ತಿದ ಮೇಲೆ ನನಗಿರುವುದು ಒಂದೇ ಕೆಲಸ, ಆ ಕಡೆಯವರು ಆದಷ್ಟು ಬೇಗ ಫೋನ್ ಇಡುವಂತೆ ಮಾಡುವುದು.

ನಮ್ಮದು ಆದೋನಿಯಲ್ಲಿ ಹತ್ತಿ ವ್ಯಾಪಾರದ ಮನೆ. ದೇವನಕೊಂಡದ ಕಡೆ ಎರೆ ಹೊಲವೂ ಇದೆ. ಹತ್ತಿ ಬಿಡಿಸುವ ಕಾಲದಲ್ಲಿ ಮನೆಯವರೆಲ್ಲ ಸರದಿಯ ಮೇಲೆ ಹೊಲಕ್ಕೆ ಹೋಗುತ್ತೇವೆ. ಅವತ್ತು ನನಗೆ ರಜೆ. ಅಣ್ಣ ಹಿಂದಿನ ದಿನ ಬಿಡಿಸಿದ ಹತ್ತಿಯನ್ನು ಗಾಡಿಗೆ ಹೇರಿಕೊಂಡು ಆದೋನಿಗೆ ಹೋಗಿದ್ದ. ಹೊಲದಲ್ಲಿ ಉಳಿದವರು ಅಪ್ಪನ ಅಣ್ಣನಾದ ನಮ್ಮ ದೊಡ್ಡಪ್ಪ, ಅಣ್ಣನ ಹೆಂಡತಿಯಾದ ಅತ್ತಿಗೆ, ನಾನು ಮತ್ತು ಹತ್ತಿ ಬಿಡಿಸಲು ಬಂದ ಹೆಂಗಸರು. ಗಾಡಿಯಾಗಲಿ ಬೈಕಾಗಲಿ ಇರಲಿಲ್ಲ. ಎಲ್ಲರ ಬಳಿಯೂ ಫೋನ್ ಇತ್ತು, ಆದರೆ ಆ ತಗ್ಗಿನಲ್ಲಿ ಸಿಗ್ನಲ್ ಇಲ್ಲ. ಹೊಲದ ಅಂಚಿನ ಎತ್ತರದ ಒಡ್ಡಿನ ಮೇಲೆ ನಿಂತರೆ ನನ್ನ ಫೋನಿಗೆ ಮಾತ್ರ ಒಂದೆರಡು ಕಡ್ಡಿ ಬರುತ್ತಿದ್ದವು.

ಬೇವಿನ ಮರದ ಕೆಳಗೆ ತಾಡಪತ್ರಿಯ ಮೇಲೆ ಬಿಡಿಸಿದ ಹತ್ತಿ ರಾಶಿಯಾಗಿತ್ತು. ಉಂಡ ಮೇಲೆ ಅತ್ತಿಗೆ ರಾಶಿಯನ್ನು ಒತ್ತಿ ಸರಿಮಾಡಲು ಮೊಳಕೈವರೆಗೆ ಬಲಗೈ ತೂರಿಸಿದಳು. ಕಿರುಚಲಿಲ್ಲ. ಕೈಯನ್ನು ಹಿಂದಕ್ಕೆಳೆದು ಅದನ್ನೇ ನೋಡುತ್ತಾ ನಿಂತಳು. ಮಣಿಕಟ್ಟಿನ ಮೇಲೆ ಎರಡು ಕೆಂಪು ಚುಕ್ಕೆ. ಒಬ್ಬ ಹೆಂಗಸು ಕೋಲಿನಿಂದ ಹತ್ತಿ ಕೆದರಿದಾಗ ಒಳಗಿನಿಂದ ಕುಕ್ಕರಿನ ಹಾಗೆ ಬುಸುಗುಟ್ಟುತ್ತಾ ಅದು ಹೊರಬಂತು. ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂತೆ ಕಂದು ಉಂಗುರಗಳು. ತೆಲುಗಿನಲ್ಲಿ ರಕ್ತಪಿಂಜರಿ, ನಮ್ಮಲ್ಲಿ ಕೊಳಕುಮಂಡಲ. ಬಿಳಿ ಹತ್ತಿಯ ಮೇಲೆ ಅದು ಸರಿದುಹೋದ ರೀತಿ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಅದಕ್ಕೆ ಅವಸರವೇ ಇರಲಿಲ್ಲ.

ನಾನು ಒಡ್ಡು ಹತ್ತಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಊರು, ರಸ್ತೆ ಎಲ್ಲ ಕೇಳಿಕೊಂಡು, ಗಾಡಿ ಹೊರಡುತ್ತದೆ, ಡ್ರೈವರ್ ಇದೇ ನಂಬರಿಗೆ ಮಾಡುತ್ತಾನೆ, ಅವನಿಗೆ ಹೊಲದ ದಾರಿ ಹೇಳಿ ಎಂದಳು. ಇದೇ ನಂಬರಿಗೆ ಎಂಬ ಮಾತನ್ನು ಎರಡು ಸಲ ಹೇಳಿದಳು.

ಆಮೇಲೆ ಕೆಳಗಿಳಿದು ಅತ್ತಿಗೆಯ ಕೈಯ ಫೋಟೋ ಹೊಡೆದು, ಮತ್ತೆ ಒಡ್ಡು ಹತ್ತಿ ಆದೋನಿಯ ನಮ್ಮ ಡಾಕ್ಟರಿಗೆ ಕಳಿಸಿದೆ. ಮೊದಲೆಲ್ಲ ಅವರ ದವಾಖಾನೆಯ ಬೆಂಚಿನ ಮೇಲೆ ಕೂತು ಸರದಿ ಕಾಯುತ್ತಿದ್ದೆವು. ನಾಲಿಗೆ ಚಾಚು ಅನ್ನುವರು, ಹೊಟ್ಟೆ ಒತ್ತಿ ನೋಡುವರು, ರೆಪ್ಪೆ ಎಳೆದು ನೋಡುವರು. ಕೊರೋನಾ ಬಂದಾಗಿನಿಂದ ಅದೆಲ್ಲ ಫೋನಿನೊಳಗೆ ಹೋಯಿತು. ರಕ್ತದ ರಿಪೋರ್ಟು, ಕೂಸಿನ ಮೈಮೇಲಿನ ಗುಳ್ಳೆ, ಮಾತ್ರೆ ಮುಗಿದ ಖಾಲಿ ಹಾಳೆ, ಎಲ್ಲದರ ಫೋಟೋ ನಾವು ಕಳಿಸುವುದು, ಬಿಡುವಾದಾಗ ಅವರು ಮಾತಿನಲ್ಲಿ ಉತ್ತರ ಕಳಿಸುವುದು. ಅದರಿಂದ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ನನ್ನ ಅವ್ವನ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದದ್ದೇ ಹಾಗೆ. ಆ ರೂಢಿಯಿಂದಲೇ ನನ್ನ ಬೆರಳು ಕ್ಯಾಮೆರಾದ ಮೇಲೆ ಹೋಯಿತು. ಫೋಟೋ ಹೋಯಿತು. ಉತ್ತರ ಬರುವುದರೊಳಗೆ ದೊಡ್ಡಪ್ಪ ಏದುಸಿರು ಬಿಡುತ್ತಾ ಒಡ್ಡು ಹತ್ತಿ ಬಂದು ಕೈ ಚಾಚಿದರು. "ಫೋನ್ ಕೊಡವ್ವಾ."

ದೊಡ್ಡಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅವರು ಕೆಟ್ಟವರೆನಿಸಿಬಿಡುತ್ತಾರೆ. ಮಾಧವರಂ ದಾಟಿ ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಹಾವಿನ ಮಂತ್ರ ಹಾಕುವ ಮನೆತನವೊಂದಿದೆ. ಹಿಂದೆ ಹಾವು ಕಚ್ಚಿದರೆ ಅಲ್ಲಿಗೆ ಆಳು ಓಡಬೇಕಿತ್ತು. ರೋಗಿಯನ್ನು ಕರೆದೊಯ್ಯುವ ಪದ್ಧತಿಯಿಲ್ಲ. ಸುದ್ದಿ ತಂದವನಿಗೇ ಮಂತ್ರ ಹಾಕುವುದು, ಅವನ ಕೆನ್ನೆಗೇ ಏಟು ಕೊಡುವುದು, ಅವನ ತೋಳಿಗೇ ದಾರ ಕಟ್ಟುವುದು. ಸುದ್ದಿ ಒಯ್ಯುವವನು ದಾರಿಯಲ್ಲಿ ಕೂರಬಾರದು, ನೀರು ಕುಡಿಯಬಾರದು. ದೊಡ್ಡಪ್ಪ ಮೀಸೆ ಮೂಡದ ವಯಸ್ಸಿನಲ್ಲಿ ತನ್ನ ತಂಗಿಗಾಗಿ ಹಾಗೆ ಓಡಿದ್ದರು. ಬಿಸಿಲು ತಾಳದೆ ಒಂದು ಬಾವಿಕಟ್ಟೆಯ ಮೇಲೆ ಕೂತು ನೀರು ಕುಡಿದರು. ಅಲ್ಲಿಗೆ ತಲುಪಿದಾಗ ಮಂತ್ರದವನು ಕೇಳಿದ ಮೊದಲ ಮಾತು, ದಾರ್ಯಾಗ ಕುಂತ್ಯಾ ಎಂದು. ಸುಳ್ಳು ಹೇಳಲಾಗಲಿಲ್ಲ. ಅವರು ಹಿಂತಿರುಗುವ ಹೊತ್ತಿಗೆ ತಂಗಿ ಹೋಗಿಬಿಟ್ಟಿದ್ದಳು. ತಾನು ಕೂತದ್ದಕ್ಕೇ ಹೋದಳೆಂದು ಅವರು ಜೀವಮಾನವಿಡೀ ನಂಬಿಕೊಂಡೇ ಬಂದವರು.

ಈಗ ಆ ಮನೆತನದ ಅಜ್ಜ ಫೋನಿನಲ್ಲೇ ಮಂತ್ರ ಹಾಕುತ್ತಾನೆ. ನಮ್ಮ ಕಡೆಯ ಎಷ್ಟೋ ಫೋನುಗಳಲ್ಲಿ ಅವನ ನಂಬರಿದೆ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೋಸಗಾರ ಎಂದು ಯಾರೂ ಅನ್ನಲಾರರು. ಹಳೆಯ ಕಟ್ಟಳೆಗಳಲ್ಲಿ ಉಳಿದಿರುವುದು ಒಂದೇ. ಮೊದಲು ಆಳು ಕೂರಬಾರದಿತ್ತು, ಈಗ ಲೈನ್ ಕಟ್ ಆಗಬಾರದು.

ಸಿಗ್ನಲ್ ಇದ್ದದ್ದು ಒಡ್ಡಿನ ಮೇಲೆ ಮಾತ್ರ. ಆದ್ದರಿಂದ ಅತ್ತಿಗೆಯನ್ನು ಹೆಂಗಸರು ಎತ್ತಿಕೊಂಡು ಬಂದು ಒಡ್ಡಿನ ಮೇಲೆ ಮಲಗಿಸಿದರು. ದೊಡ್ಡಪ್ಪ ಪಕ್ಕದಲ್ಲಿ ಮೊಣಕಾಲೂರಿ, ನನ್ನ ಫೋನಿನಿಂದ ಅಜ್ಜನಿಗೆ ಹಚ್ಚಿ, ಸ್ಪೀಕರ್ ಹಾಕಿ, ಫೋನನ್ನು ಅವಳ ಕಿವಿಗೆ ಹಿಡಿದರು. ಅಜ್ಜನ ದನಿ ಮುದಿಯಾಗಿತ್ತು, ಆದರೆ ನಡುಕವಿರಲಿಲ್ಲ. "ನಾ ಇಳೀತು ಅನ್ನೋತನ ಫೋನ್ ಬಂದ್ ಆಗಬಾರ್ದು. ನಡಕ ಕಟ್ ಆದ್ರ ಏರಿದ್ದು ಇಳಿಯೋದಿಲ್ಲ, ನನ್ನ ಕೈಯಾಗೇನಿಲ್ಲ." ಆಮೇಲೆ ಶುರುವಾಯಿತು. ಅದು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಒಂದೇ ಏರಿಳಿತದಲ್ಲಿ, ಜೋಗುಳದ ಹಾಗೆ ಬರುತ್ತಿತ್ತು.

ಅತ್ತಿಗೆ ಕಣ್ಣು ಮುಚ್ಚಿ ಬಿದ್ದಿದ್ದಳು, ಅವಳ ಕೈ ನಮ್ಮ ಕಣ್ಣೆದುರೇ ಊದಿಕೊಳ್ಳುತ್ತಿತ್ತು. ಬಳೆಗಳು ಚರ್ಮದೊಳಗೆ ಹೂತುಹೋದವು. ಅವುಗಳನ್ನು ಒಡೆದು ತೆಗೆದೆ. ಕಚ್ಚಿದ ಜಾಗದಿಂದ ರಕ್ತ ಸಣ್ಣಗೆ ಒಸರುತ್ತಲೇ ಇತ್ತು. ಒರೆಸಿದರೆ ಮತ್ತೆ ಬರುತ್ತಿತ್ತು, ಹೆಪ್ಪುಗಟ್ಟುತ್ತಿರಲಿಲ್ಲ. ಅದು ಏನೆಂದು ನನಗೆ ಗೊತ್ತಿತ್ತು. ಓದಿದ್ದೆ. ಈ ಹಾವಿನ ವಿಷ ರಕ್ತವನ್ನು ನೀರು ಮಾಡುತ್ತದೆ.

ಆಗ ಮಂತ್ರದ ನಡುವೆ ಫೋನಿನೊಳಗಿಂದ ಸಣ್ಣ ಶಬ್ದ ಕೇಳಿಸಿತು. ಟುಂಕ್ ಎಂದು ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಬೇರೆ ಯಾರೋ ಫೋನ್ ಮಾಡುತ್ತಿದ್ದಾರೆ ಎಂಬ ಗುರುತು. ಬಗ್ಗಿ ನೋಡಿದೆ. ಗೊತ್ತಿಲ್ಲದ ನಂಬರು.

"ದೊಡ್ಡಪ್ಪ, ಆಂಬುಲೆನ್ಸಿನವ್ರು. ಕೊಡ್ರಿ ಇಲ್ಲಿ."

"ಮುಗೀಲಿ."

"ಅವರಿಗೆ ದಾರಿ ಗೊತ್ತಿಲ್ರಿ."

"ಕಾಲೇಜ್ ಕಲಿತಾಕಿ, ನಿನಗ ಗೊತ್ತಾಗೋದಿಲ್ಲ. ಒಮ್ಮೆ ಕುಂತು ಕೆಟ್ಟೀನಿ. ಇನ್ನೊಮ್ಮೆ ಕೂಡೋದಿಲ್ಲ." ಹೀಗೆಂದು ಫೋನಿನ ಸುತ್ತ ಎರಡೂ ಅಂಗೈ ಮುಚ್ಚಿಕೊಂಡರು, ಗಾಳಿಗೆ ದೀಪ ಆರದಂತೆ ಹಿಡಿಯುತ್ತಾರಲ್ಲ, ಹಾಗೆ.

ನಾನು ತಲೆಯೆತ್ತಿದಾಗ ದೂರದಲ್ಲಿ ಪತ್ತಿಕೊಂಡದ ರಸ್ತೆ ಕಾಣಿಸಿತು. ಅದರ ಮೇಲೆ ಬಿಳಿ ಗಾಡಿ. ನಮ್ಮ ಹೊಲಕ್ಕೆ ತಿರುಗುವ ದಾರಿಗೆ ಬೋರ್ಡಿಲ್ಲ, ಮರವಿಲ್ಲ. ಗೊತ್ತಿದ್ದವರಿಗೆ ಮಾತ್ರ ಗೊತ್ತು. ಗಾಡಿ ಆ ತಿರುವಿನ ಹತ್ತಿರ ನಿಧಾನ ಮಾಡಿತು. ಫೋನಿನಲ್ಲಿ ಟುಂಕ್ ಎಂದಿತು. ಗಾಡಿ ನಿಂತಿತು. ಮತ್ತೆ ಟುಂಕ್ ಎಂದಿತು. ನನ್ನ ಕಿವಿಗೆ ಅವನು ನಮ್ಮನ್ನು ಕೂಗುತ್ತಿರುವುದು ಕೇಳುತ್ತಿತ್ತು, ಕಣ್ಣಿಗೆ ಅವನು ಕೂಗುತ್ತಿರುವುದು ಕಾಣುತ್ತಿತ್ತು, ನಡುವೆ ಇದ್ದದ್ದು ದೊಡ್ಡಪ್ಪನ ಎರಡು ಅಂಗೈ ಅಷ್ಟೆ. ಕೈ ಹಾಕಿ ಎಳೆದೆ. ಬರಲಿಲ್ಲ. ಅಷ್ಟು ವಯಸ್ಸಾದವರಿಗೆ ಅಷ್ಟು ಬಲವಿರುತ್ತದೆಂದು ನಾನು ತಿಳಿದಿರಲಿಲ್ಲ.

ಗಾಡಿ ತಿರುವು ಬಿಟ್ಟು ಮುಂದಕ್ಕೆ ಹೋಯಿತು.

"ಗಾಡಿ ಹೋತು, ಮುಂದಕ್ಕ ಹೋತು," ಎಂದು ಕೂಗಿ, ಹತ್ತಿ ತುಂಬುವ ಖಾಲಿ ಚೀಲವೊಂದನ್ನು ಎತ್ತಿ ಬೀಸುತ್ತಾ ಒಡ್ಡಿಳಿದು ಓಡತೊಡಗಿದೆ. ಎರೆ ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಬಿಳಿ ಹತ್ತಿಯ ಹೊಲದಲ್ಲಿ ಬಿಳಿ ಚೀಲ ಬೀಸಿದರೆ ಯಾರಿಗೆ ಕಾಣುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಇವತ್ತಿಗೂ ಕನಸಿನಲ್ಲಿ ಅದೇ ಚೀಲ ಬೀಸುತ್ತೇನೆ.

ಸ್ವಲ್ಪ ದೂರ ಹೋಗಿರಬೇಕು. ಹಿಂದೆ ಮಂತ್ರ ನಿಂತುಹೋಯಿತು. ಜೋಗುಳ ತಟ್ಟನೆ ತುಂಡಾಗಿ ಹೊಲವೆಲ್ಲ ನಿಶ್ಶಬ್ದವಾಯಿತು. ತಿರುಗಿ ನೋಡಿದೆ. ಅತ್ತಿಗೆ ಕಣ್ಣು ತೆರೆದಿದ್ದಳು. ಕಚ್ಚಿಸಿಕೊಳ್ಳದ ಎಡಗೈಯನ್ನು ಎತ್ತಿ, ದೊಡ್ಡಪ್ಪನ ಬೆರಳ ಸಂದಿಯಲ್ಲಿ ತೂರಿಸಿ, ಕೆಂಪು ಗುಂಡಿ ಒತ್ತಿಬಿಟ್ಟಿದ್ದಳು. ಮದುವೆಯಾಗಿ ನಮ್ಮ ಮನೆಗೆ ಬಂದಂದಿನಿಂದ ಅವಳು ದೊಡ್ಡಪ್ಪನ ಎದುರು ನಿಂತು ಮಾತಾಡಿದವಳಲ್ಲ. ಚಹಾ ಕೊಡಬೇಕಾದರೂ ಬಾಗಿಲ ಮರೆಯಲ್ಲಿ ಬಳೆ ಸದ್ದು ಮಾಡಿ, ಲೋಟ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಈಗ ಮಲಗಿದಲ್ಲಿಂದಲೇ ಅವರ ಮುಖ ನೋಡಿ ಹೇಳಿದಳು.

"ಮಾವಾರ, ಗಾಡಿ ಬಂದೈತ್ರಿ. ನನ್ನ ಕಳಸ್ರಿ."

ದೊಡ್ಡಪ್ಪನ ಅಂಗೈಗಳು ತೆರೆದುಕೊಂಡವು. ಆ ತೆರೆದ ಕೈಯಲ್ಲಿ ಫೋನ್ ರಿಂಗಾಯಿತು.

ನಾನು ಹೇಗೆ ಮತ್ತೆ ಒಡ್ಡು ಹತ್ತಿದೆನೋ ಗೊತ್ತಿಲ್ಲ. ಡ್ರೈವರ್ ತೆಲುಗಿನವನು. "ಅಮ್ಮಾ, ಎಂತಸೇಪು ಬಿಜೀ. ಎಕ್ಕಡುನ್ನಾರು?" ಎಂದ. ಎಲ್ಲಿದ್ದೀರಿ ಎಂದು ಕೇಳುವ ಅವನ ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು. ಇಷ್ಟು ಹೊತ್ತು ಬಿಜಿ ಬರುತ್ತಿದ್ದುದಕ್ಕೆ ಸುಳ್ಳು ಕರೆಯೆಂದು ತಿಳಿದು ಹೊರಟುಬಿಟ್ಟಿದ್ದನಂತೆ. ಕೊನೆಯ ಸಲ ನೋಡೋಣವೆಂದು ಒತ್ತಿದ್ದ. ಆ ಕೊನೆಯ ಸಲವೇ ಸಿಕ್ಕಿತು. ಅದು ಇನ್ನೊಂದು ಚಣ ಮೊದಲು ಆಗಿದ್ದರೆ ಮತ್ತೆ ಬಿಜಿ ಬರುತ್ತಿತ್ತು. ನಾನು ಎಷ್ಟೋ ಸಲ ಈ ಚಣವನ್ನು ಹಿಂದೆ ಮುಂದೆ ಜರುಗಿಸಿ ನೋಡುತ್ತೇನೆ.

ಗಾಡಿಯೊಳಗೆ ಕೂತ ಮೇಲೆ ಡಾಕ್ಟರು ಕಳಿಸಿದ ಮಾತುಗಳು ಒಂದರ ಹಿಂದೊಂದು ಫೋನಿಗೆ ಬಂದು ಬಿದ್ದವು. ಆ ಒಡ್ಡಿನ ಮೇಲೆ ಮಾತಾಡುತ್ತಿರುವಾಗ ನೆಟ್ ಬರುವುದಿಲ್ಲವಾದ್ದರಿಂದ ಎಲ್ಲ ಎಲ್ಲೋ ಕಾದು ನಿಂತಿದ್ದವು. ಮೊದಲನೆಯದರಲ್ಲಿ ನೆಮ್ಮದಿಯ ದನಿ, ನಡೆಸಬೇಡಿ, ಕೊಯ್ಯಬೇಡಿ, ಬೇಗ ಹೊರಡಿ ಎಂದು. ನಡುವಿನವುಗಳಲ್ಲಿ ಯಾಕೆ ಫೋನ್ ಎತ್ತುತ್ತಿಲ್ಲ ಎಂದು. ಕೊನೆಯದರಲ್ಲಿ ಅವರು ಬೇಡಿಕೊಳ್ಳುತ್ತಿದ್ದರು. "ಫೋಟೋಕ್ಕ ನಾ ಸೂಜಿ ಹಾಕ್ಲಿಕ್ಕ ಆಗೋದಿಲ್ಲವ್ವಾ. ಆಕಿನ್ನ ಯಾವುದಾರ ದವಾಖಾನಿ ಮುಟ್ಟಸ್ರಿ."

ಪತ್ತಿಕೊಂಡದ ಆಸ್ಪತ್ರೆಯಲ್ಲಿ ಅತ್ತಿಗೆಯ ರಕ್ತವನ್ನು ಗಾಜಿನ ನಳಿಗೆಯಲ್ಲಿ ತೆಗೆದು, ಅಲುಗಿಸದೆ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಓರೆ ಮಾಡಿ ನೋಡಿದರು. ಗಟ್ಟಿಯಾಗಿರಬೇಕಾದದ್ದು ಕುಂಕುಮದ ನೀರಿನಂತೆ ಹರಿಯಿತು. ಅದನ್ನು ನೋಡಿದವರ ಕೈಗಳು ಓಡಾಡತೊಡಗಿದವು. ವಿಷಕ್ಕೆ ಔಷಧಿ ಏರಿಸಿದರು. ಆಮೇಲೆ ಆದೋನಿಗೆ. ಅಲ್ಲಿ ಒಸಡಿನಿಂದ ರಕ್ತ ಬಂತು, ಮೂತ್ರ ಕೆಂಪಾಯಿತು, ನಿಂತೇಹೋಯಿತು. ನಮ್ಮ ಡಾಕ್ಟರು ಮನೆಗೆ ಹೋಗದೆ ಅವಳ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಬಹಳ ದಿನಗಳ ಮೇಲೆ ಒಬ್ಬ ರೋಗಿಯ ಹೊಟ್ಟೆ ಒತ್ತಿ, ರೆಪ್ಪೆ ಎಳೆದು ನೋಡುವುದನ್ನು ಕಂಡೆ. ಅತ್ತಿಗೆ ಬದುಕಿದಳು. ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ, ಮಣಿಕಟ್ಟಿನ ಸುತ್ತ ಚರ್ಮ ಸುಟ್ಟಂತೆ ಕಪ್ಪಗಿದೆ. ಆದರೆ ಬದುಕಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹತ್ತಿ ಬಿಡಿಸಲು ಬಂದಿದ್ದ ಹೆಂಗಸರಲ್ಲಿ ಒಬ್ಬಾಕೆ ಅದನ್ನೆಲ್ಲ ತನ್ನ ಫೋನಿನಲ್ಲಿ ಹಿಡಿದಿದ್ದಳು. ತವರಿನವರಿಗೆ ತೋರಿಸೋಣವೆಂದು, ಬೇರೆ ಏನೂ ಅಲ್ಲ. ವಿಡಿಯೊದಲ್ಲಿ ಅತ್ತಿಗೆ ಹೆಣದಂತೆ ಬಿದ್ದಿದ್ದಾಳೆ. ಕಿವಿಯಲ್ಲಿ ಫೋನು, ಅಜ್ಜನ ಮಂತ್ರ ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ಅವಳ ರೆಪ್ಪೆ ಅಲುಗುತ್ತದೆ, ಕಣ್ಣು ತೆರೆಯುತ್ತಾಳೆ, ಎಡಗೈ ನೆಲದಿಂದ ಮೇಲೇಳುತ್ತದೆ. ಅಷ್ಟರಲ್ಲಿ ವಿಡಿಯೊ ಮುಗಿಯುತ್ತದೆ. ಯಾರೂ ಕತ್ತರಿಸಿದ್ದಲ್ಲ. ಗಾಡಿ ಹೋಯಿತೆಂದು ನಾನು ಕೂಗುತ್ತಾ ಓಡುತ್ತಿದ್ದುದಕ್ಕೆ ಆಕೆ ಫೋನಿಳಿಸಿ ರಸ್ತೆಯ ಕಡೆ ನೋಡಿದ್ದಳು, ಅಷ್ಟೆ. ಆ ಕೈ ಎದ್ದದ್ದು ಮಂತ್ರವನ್ನು ನಿಲ್ಲಿಸಲು ಎಂಬುದು ಅದರಲ್ಲಿಲ್ಲ. ನೋಡಿದವರಿಗೆ ಅದು ಸತ್ತವಳಿಗೆ ಜೀವ ಬಂದ ಕೈ.

ಅದು ಒಂದು ಗ್ರೂಪಿನಿಂದ ಇನ್ನೊಂದು ಗ್ರೂಪಿಗೆ ಹೋಯಿತು. ಮೇಲೆ ತೆಲುಗಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ಸೇರಿಕೊಂಡವು. ಹೊಳೆಯಾಚೆ ರಾಯಚೂರಿನ ಕಡೆಯ ನೆಂಟರು ಅದನ್ನು ನಮಗೇ ಕಳಿಸಿ, ನಿಮ್ಮ ಸೊಸೆಯಲ್ಲವೇ ಎಂದು ಕೇಳಿದರು. ನಾನು ಕೆಳಗೆ ನಿಜ ಬರೆದೆ. ನೀನು ಅಲ್ಲಿದ್ದೆಯಾ, ಕಂಡಿದ್ದೆಯಾ ಎಂದು ಜನ ಬೈದರು. ಅದೇ ವಿಡಿಯೊದಲ್ಲಿ ನನ್ನ ಬೆನ್ನು ಕಾಣುತ್ತದೆ. ಅತ್ತಿಗೆಯನ್ನು ಕೂರಿಸಿಕೊಂಡು, ಕಪ್ಪಾದ ಕೈ ತೋರಿಸಿ, ಆದದ್ದನ್ನೆಲ್ಲ ಹೇಳಿಸಿ ಇನ್ನೊಂದು ವಿಡಿಯೊ ಮಾಡಿದೆವು. ನಮ್ಮ ಬಳಗದವರು ನೋಡಿದರು. ಬಳಗದ ಹೊರಗೆ ಅದು ಹೋಗಲಿಲ್ಲ.

ದೊಡ್ಡಪ್ಪನಾದರೂ ಒಂದು ಮಾತು ಹೇಳಲಿ ಎಂದು ಅವರ ಬಳಿ ಹೋದೆ. ಹಿರಿಯರ ಮಾತಿಗೆ ನಮ್ಮಲ್ಲಿ ಬೆಲೆಯಿದೆ. ಅವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗದೆ, ಪಡಸಾಲೆಯಲ್ಲಿ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹೇಳಿದರು.

"ಲೈನ್ ಕಟ್ ಆದ್ರೂ ಆಕಿ ಬದುಕಿದ್ಲು. ಹಂಗಂದ್ರ ನಾ ಅವತ್ತು ಕುಂತಿದ್ದಕ್ಕ ನನ್ನ ತಂಗಿ ಸಾಯಲಿಲ್ಲ."

"ಇಲ್ರಿ ದೊಡ್ಡಪ್ಪ."

"ಮತ್ತ ಯಾಕ ಸತ್ಲವ್ವಾ? ದವಾಖಾನಿ ಬಿಟ್ಟು ನಾ ಆ ಕಡಿ ಓಡಿದ್ದಕ್ಕ?"

ಅವರೆದುರು ನಾನು ಇನ್ನೆಂದೂ ಆ ಮಾತು ತೆಗೆಯಲಿಲ್ಲ.

ಆಮೇಲೆ ಫೋನುಗಳು ಶುರುವಾದವು. ವಿಡಿಯೊ ನೋಡಿದವರು ಹೇಗೋ ಅಜ್ಜನ ನಂಬರು ಹುಡುಕುತ್ತಾರೆ. ಯಾರಾದರೂ ಅನುಮಾನ ಪಟ್ಟರೆ ಅಜ್ಜ ನನ್ನ ನಂಬರು ಕೊಡುತ್ತಾನೆ, ಅವತ್ತು ಅವನಿಗೆ ಕರೆ ಹೋದದ್ದು ನನ್ನ ಫೋನಿನಿಂದ ತಾನೇ. ಬೇಕಾದ್ರ ಆ ಹೆಣ್ಮಗಳನ್ನ ಕೇಳ್ರಿ ಅನ್ನುತ್ತಾನೆ. ಹೀಗೆ ಮಾಡಬೇಡ ಎಂದು ಅವನಿಗೆ ಫೋನ್ ಮಾಡಿ ಜಗಳವಾಡಿದೆ. ಅವನಿಗೆ ನಿಜವಾಗಿಯೂ ನೋವಾಯಿತು. "ನಾ ಏನ್ ಸುಳ್ಳು ಹೇಳೀನವ್ವಾ? ಆಕಿ ಬದುಕ್ಯಾಳೋ ಇಲ್ಲೋ?" ಕಟ್ ಆಗುವುದರೊಳಗೆ ಬಹಳಷ್ಟು ಇಳಿದಿತ್ತು ಎಂದು ಅವನ ನಂಬಿಕೆ. ಅವನು ಸುಳ್ಳುಗಾರನಲ್ಲ. ಅದೇ ಇನ್ನೂ ಕಷ್ಟ.

ಮೊದಮೊದಲು ಫೋನ್ ಮಾಡಿದವರಿಗೆ ನಿಜ ಹೇಳುತ್ತಿದ್ದೆ. ಮಂತ್ರದಿಂದ ಅಲ್ಲ, ಆಸ್ಪತ್ರೆಯ ಔಷಧಿಯಿಂದ ಬದುಕಿದಳು ಎಂದು. ಅವರು ವಾದಿಸುತ್ತಿದ್ದರು, ವಿಡಿಯೊ ನೋಡೀವಲ್ರೀ ಅನ್ನುತ್ತಿದ್ದರು. ನಾನೂ ವಾದಿಸುತ್ತಿದ್ದೆ. ಒಂದು ದಿನ ಹಾಗೆ ಒಬ್ಬ ಗಂಡಸಿನ ಜೊತೆ ವಾದ ಮಾಡುತ್ತಿದ್ದಾಗ ಅವನ ಹಿಂದಿನಿಂದ ಯಾರೋ ನರಳುವುದು ಕೇಳಿಸಿತು. ಕಚ್ಚಿಸಿಕೊಂಡವರು ಅಲ್ಲೇ ಇದ್ದಾರೆ, ನಾನು ಇಲ್ಲಿ ವಾದ ಗೆಲ್ಲುತ್ತಿದ್ದೇನೆ, ಅವರ ಫೋನು ಬಿಜಿಯಾಗಿದೆ. ನಿಜ ಹೇಳುವುದಕ್ಕೆ ಹೊತ್ತು ಹಿಡಿಯುತ್ತದೆ. ಅವರ ಬಳಿ ಇಲ್ಲದಿರುವುದೇ ಹೊತ್ತು.

ಡಾಕ್ಟರ ಬಳಿ ಹೋಗಿ ಅತ್ತಿದ್ದೆ. ಅವರ ವಾರ್ಡಿಗೂ ಈಗ ವಿಡಿಯೊ ಹಿಡಿದುಕೊಂಡೇ ಬರುತ್ತಾರಂತೆ. ಔಷಧಿ ಏರುತ್ತಿರುವಾಗಲೇ ಅಜ್ಜನಿಗೆ ಫೋನ್ ಹಚ್ಚುತ್ತಾರಂತೆ. ಬೇಡವೆಂದರೆ ರೋಗಿಯನ್ನೇ ಎಬ್ಬಿಸಿಕೊಂಡು ಹೊರಡುತ್ತಾರೆ, ಇಲ್ಲವೇ ಡಾಕ್ಟರನ್ನೇ ವಿಡಿಯೊ ಮಾಡುತ್ತಾರೆ. "ಈಗ ನಾ ಬ್ಯಾಡ ಅನ್ನೋದಿಲ್ಲ," ಎಂದರು. "ಕಿವಿಗೆ ಫೋನ್ ಇಟ್ಕೋರಿ, ಕೈ ಒಂದು ನನಗ ಬಿಡ್ರಿ ಅಂತೀನಿ." ನಗಲು ನೋಡಿದರು, ಆಗಲಿಲ್ಲ.

ಆ ಮಾತಿನಿಂದಲೇ ನನಗೆ ದಾರಿ ಹೊಳೆದದ್ದು.

ಮೊನ್ನೆ ಸಂಜೆ ಪಡಸಾಲೆಯಲ್ಲಿ ಅತ್ತಿಗೆಯ ಬೆರಳುಗಳಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಫೋನ್ ಬಂತು. ಹೆಣ್ಣುಮಗಳ ದನಿ. ಪತ್ತಿಕೊಂಡದ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದಳು. ಮಗಳ ಪಾದಕ್ಕೆ ಕಚ್ಚಿದೆ.

"ಯಕ್ಕಾ, ಅಜ್ಜನ ಮಂತ್ರ ಖರೇನ ಹತ್ತೈತೇನ್ರಿ? ನಿಮ್ಮನ್ನ ಕೇಳು ಅಂದಾನ."

"ಹತ್ತೈತಿ," ಎಂದೆ. "ಆದ್ರ ಕೇಳು. ಹೊಲದಾಗ, ಮನ್ಯಾಗ ಹತ್ತೋದಿಲ್ಲ. ದವಾಖಾನಿ ಗೇಟ್ ದಾಟಿದ ಮ್ಯಾಲೇ ಹತ್ತೋದು. ಅಲ್ಲೀತನ ಯಾರಿಗೂ ಫೋನ್ ಹಚ್ಚಬಾರ್ದು, ಗಾಡಿಗೆ ಬಿಟ್ಟು. ದಾರ್ಯಾಗ ಕೂಡಬಾರ್ದು."

"ಗೇಟ್ ದಾಟಿದ ಮ್ಯಾಲೇನ್ರಿ?"

"ಗೇಟ್ ದಾಟಿ, ಕೂಸಿನ ಕೈಯಾಗ ಸೂಜಿ ಹಾಕಿದ ಮ್ಯಾಲೆ. ಈಗ ಫೋನ್ ಇಡು ತಂಗಿ."

ಆ ಕಡೆ ಯಾರೋ ಗಂಡಸು ಏನೋ ಕೇಳಿದ, ಅವಳು ಅವನಿಗೆ ಗೇಟು, ಗೇಟು ಎಂದಳು. ಆಮೇಲೆ ಸದ್ದಿಲ್ಲ.

"ಕಟ್ ಮಾಡಿದ್ಲಾ?" ಎಂದು ಅತ್ತಿಗೆ ಕೇಳಿದಳು.

"ಮಾಡಿದ್ಲು."

ಅವಳ ನಂಬರು ನನ್ನ ಫೋನಿನ ಮೇಲೇ ಇತ್ತು. ಒಂದು ಸಲ ಒತ್ತಿದರೆ ತಿಳಿಯುತ್ತದೆ, ಗಾಡಿ ಸಿಕ್ಕಿತೋ ಇಲ್ಲವೋ, ಹೊರಟರೋ ಇಲ್ಲವೋ. ಬೆರಳು ಅಲ್ಲಿಗೆ ಹೋಯಿತು. ಅತ್ತಿಗೆ ಬೆರಳು ಮಡಚಲು ಬಾರದ ಕೈಯನ್ನು ನನ್ನ ಕೈಯ ಮೇಲಿಟ್ಟಳು. ಡ್ರೈವರ್ ಅದೇ ನಂಬರಿಗೆ ಮಾಡುತ್ತಿರಬಹುದು. ಒಂದು ತಿರುವಿನಲ್ಲಿ ನಿಂತು ಕೇಳುತ್ತಿರಬಹುದು, ಯಾವ ಕಡೆ ಎಂದು.

ಒತ್ತಲಿಲ್ಲ. ಮರುದಿನವೂ ಒತ್ತಲಿಲ್ಲ. ಆ ಕೂಸು ಏನಾಯಿತೆಂದು ನನಗೆ ಗೊತ್ತಿಲ್ಲ.